ಡಬ್ಬಿಯೊಳಗಿನ ಕೂದಲು

ಗುಬ್ಬಿಯಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದವನು ನಾನು. ಅಂತರಸನಹಳ್ಳಿಯ ಫ್ಯಾಕ್ಟರಿ ಸೇರಿ ಮೂರು ವರ್ಷವಾದರೂ ಅಲ್ಲಿ ನನ್ನ ಕೆಲಸ ಏನು ಅಂತ ಮನೆಯವರಿಗೆ ತಿಳಿಯುವ ಹಾಗೆ ಹೇಳಲು ಆಗಿರಲಿಲ್ಲ. ಎಂಬತ್ತರ ದಶಕದ ನಡುವಿನ ಮಾತಿದು. ಶಿರಾ ಗೇಟ್ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು, ಹೊಸದಾಗಿ ಸಂಸಾರ ಹೂಡಿದ್ದೆ.

"ಅಲ್ಲಾ, ದಿನಾ ಸೈಕಲ್ ತುಳ್ಕೊಂಡು ಹೋಗ್ತೀರಲ್ಲ, ಅಲ್ಲೇನ್ ಮಾಡ್ತೀರಿ?" ಅಂತ ಹೆಂಡತಿ ಕೇಳಿದಳು.

"ಗೋಡೆ ಮೇಲಿನ ಡಬ್ಬಿ ನೋಡ್ತೀನಿ."

"ಅದಕ್ಕೂ ಸಂಬ್ಳ ಕೊಡ್ತಾರಾ?" ಅಂತ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಆದರೆ ನಾನು ಹೇಳಿದ್ದು ಸುಳ್ಳಲ್ಲವಲ್ಲ.

ನಮ್ಮ ಫ್ಯಾಕ್ಟರಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಉಕ್ಕಿನ ಭಾಗಗಳನ್ನು ಜೋಡಿಸುವ ಒಂದು ದೊಡ್ಡ ಹಾಲ್ ಇತ್ತು. ಕಿಟಕಿಯಿಲ್ಲದ ಹಾಲ್. ಗಾಳಿಯಲ್ಲಿ ತೇವ ಹೆಚ್ಚಾದರೆ ಉಕ್ಕಿಗೆ ತುಕ್ಕು, ಸೆಖೆ ಹೆಚ್ಚಾದರೆ ಅಳತೆ ತಪ್ಪು. ಅದಕ್ಕೇ ಹಾಲ್‌ನ ಗೋಡೆಗಳ ಮೇಲೆ ಸೀಳುಸೀಳಾದ ಮುಚ್ಚಳದ ಪುಟ್ಟ ಡಬ್ಬಿಗಳನ್ನು ಕೂರಿಸಿದ್ದರು. ಒಂದು ಸೆಖೆ ನೋಡುವುದು, ಇನ್ನೊಂದು ತೇವ ನೋಡುವುದು. ಅವು ಪಕ್ಕದ ಪ್ಲಾಂಟ್ ರೂಮಿಗೆ ಸುದ್ದಿ ಕಳಿಸಿದರೆ ಅಲ್ಲಿ ತಣ್ಣನೆ ಗಾಳಿಯ ಯಂತ್ರವೋ, ಗಾಳಿ ಒಣಗಿಸುವ ಹೀಟರೋ ತಾನಾಗಿಯೇ ಶುರುವಾಗುತ್ತಿತ್ತು. ಡಬ್ಬಿ ಹೇಳಿದ್ದೇ ವೇದವಾಕ್ಯ. ಅದು ಸುಳ್ಳು ಹೇಳದ ಹಾಗೆ ನೋಡಿಕೊಳ್ಳುವುದೇ ನಮ್ಮ ಉದ್ಯೋಗ.

ಈ ವಿದ್ಯೆ ಕಲಿಸಿದವರು ನಮ್ಮ ಫೋರ್‌ಮನ್. ಕುಣಿಗಲ್ ಕಡೆಯವರು, ರಿಟೈರ್‌ಮೆಂಟಿಗೆ ಹತ್ತಿರವಾಗಿದ್ದರು. ಮೊದಲ ಸಲ ತೇವದ ಡಬ್ಬಿ ಬಿಚ್ಚಿದಾಗ ಒಳಗೆ ಎಳೆದು ಕಟ್ಟಿದ್ದ ಕೂದಲು ಕಂಡು, ಯಾರದೋ ತಲೆಕೂದಲು ಬಿದ್ದಿದೆ ಅಂತ ನಾನು ಚಿಮಟ ಹಿಡಿದು ಕೀಳಲು ಹೋದೆ. ಅವರು ಕೈ ಮೇಲೆ ಪಟ್ ಅಂತ ಹೊಡೆದರು.

"ಏಯ್ ಮಂಕೇ, ಅದೇ ಕಣ್ಲಾ ಇದ್ರ ಜೀವ! ತೇವ ಆದ್ರೆ ಕೂದ್ಲು ಉದ್ದ ಆಯ್ತದೆ, ಒಣಗಿದ್ರೆ ಗಿಡ್ಡ ಆಯ್ತದೆ. ಅಷ್ಟೇ ಗುಟ್ಟು. ಮಿಕ್ಕಿದ್ದೆಲ್ಲ ಬರೀ ವೈರು."

ಮೂರು ವರ್ಷದಲ್ಲಿ ಪ್ಲಾಂಟಿನ ಸದ್ದು ಕೇಳಿಯೇ ಯಾವ ಮೋಟಾರು ಏದುಸಿರು ಬಿಡುತ್ತಿದೆ ಅಂತ ಹೇಳುವಷ್ಟು ಕಲಿತೆ. ಕಲಿತು ಏನು ಬಂತು? ನನ್ನ ಹತ್ತಿರ ಇದ್ದದ್ದು ಎಸ್ಸೆಸ್ಸೆಲ್ಸಿ ಒಂದೇ, ಅದೂ ಎರಡನೇ ಸಲಕ್ಕೆ ಪಾಸಾದದ್ದು. ಐಟಿಐ ಇಲ್ಲ, ವೈರ್‌ಮನ್ ಪರ್ಮಿಟ್ ಇಲ್ಲ. ಕಾಗದವಿಲ್ಲದವನು ಕಂಟ್ರೋಲ್ ಪ್ಯಾನೆಲ್ ಮುಟ್ಟಬಾರದು ಅಂತ ಆಫೀಸಿನವರು ತಗಾದೆ ತೆಗೆದರು. ಫೋರ್‌ಮನ್ ಒಳಗೆ ಹೋಗಿ ಜಗಳವಾಡಿ ಒಂದು ದಾರಿ ಮಾಡಿಸಿಕೊಂಡು ಬಂದರು: ಬೆಂಗಳೂರಿಂದ ದೊಡ್ಡ ಇಂಜಿನಿಯರು ಬಂದು ನನಗೆ ಟ್ರೇಡ್ ಟೆಸ್ಟ್ ಮಾಡಬೇಕು. ಪಾಸಾದರೆ ಟೆಕ್ನಿಷಿಯನ್ ಅಂತ ಕಾಯಂ. ಇಲ್ಲವಾದರೆ ನನ್ನ ಜಾಗಕ್ಕೆ ಐಟಿಐ ಮಾಡಿದವನು, ನಾನು ವಾಪಸ್ ಗುಬ್ಬಿಗೆ. ಟೆಸ್ಟ್ ಗೊತ್ತುಮಾಡಿದ್ದು ವಿಜಯದಶಮಿಯ ಮಾರನೆಯ ದಿನಕ್ಕೆ.

ಆ ವಾರವೆಲ್ಲ ನಾನು ಬಾಲ ಸುಟ್ಟ ಬೆಕ್ಕು. ಉಂಡರೆ ಉಂಡದ್ದು ಗೊತ್ತಾಗದು, ಕೂತರೆ ಕೂರಲಾಗದು. "ಒಂದು ಗಳಿಗೆ ಸುಮ್ನೆ ಕೂತ್ಕೊಳ್ರೀ, ನೋಡ್ತಾ ಇದ್ರೆ ನಂಗೇ ತಲೆ ತಿರುಗ್ತದೆ" ಅಂತ ಹೆಂಡತಿ ಬೈದಳು. ಆಯುಧಪೂಜೆಯ ದಿನ ಫ್ಯಾಕ್ಟರಿಯಲ್ಲಿ ಎಲ್ಲರೂ ತಮ್ಮ ತಮ್ಮ ಯಂತ್ರಕ್ಕೆ ಅರಿಸಿನ ಕುಂಕುಮ ಇಟ್ಟು ಹಾರ ಹಾಕಿದರು. ಲೇತ್‌ಗೆ ಹಾರ, ಲಾರಿಗೆ ಹಾರ, ಟೈಪ್‌ರೈಟರಿಗೂ ಹಾರ. ನಾನು ಮಾರುದ್ದದ ದಪ್ಪ ಸೇವಂತಿಗೆ ಹಾರ ತಂದು, ಎರಡು ಸುತ್ತು ಸುತ್ತಿ ನನ್ನ ತೇವದ ಡಬ್ಬಿಗೆ ಹಾಕಿದೆ. ನನ್ನ ಅನ್ನದ ದೇವರು ಅದೇ ತಾನೇ? ಹಬ್ಬದ ಹಾರವನ್ನು ತಾನಾಗಿ ಒಣಗುವ ಮುಂಚೆ ಯಾರೂ ಕೀಳುವುದಿಲ್ಲ, ಅದು ಅಪಶಕುನ.

ಟೆಸ್ಟ್ ದಿನ ಎಲ್ಲರಿಗಿಂತ ಮೊದಲೇ ಹೋದೆ. ಹಾರ ಬಾಡಿತ್ತು. ಇವತ್ತೇ ಬಾಡಬೇಕಾ ಅಂತ ಮನಸ್ಸಿಗೆ ಪಿಚ್ಚೆನಿಸಿ ಒಂದು ಚೊಂಬು ನೀರು ತಂದು ಚೆನ್ನಾಗಿ ಚಿಮುಕಿಸಿ, ಕೈ ಮುಗಿದು ಪ್ಲಾಂಟ್ ಚಾಲು ಮಾಡಿದೆ.

ಎಂಟೂವರೆಗೆ ಇಂಜಿನಿಯರು ಬರುವ ಹೊತ್ತಿಗೆ ಹಾಲ್ ಕಾದಿತ್ತು. ಹೀಟರುಗಳು ಉರಿಯುತ್ತಲೇ ಇದ್ದವು, ಆರಲೊಲ್ಲವು. ತಣ್ಣನೆ ಗಾಳಿಯ ಯಂತ್ರ ಅವುಗಳ ಮುಂದೆ ಸೋತಿತ್ತು. ಭಾಗ ಜೋಡಿಸುವ ಹೆಂಗಸರು ಸೆರಗಿನಿಂದ ಬೀಸಿಕೊಳ್ಳುತ್ತಾ, "ಏನಪ್ಪಾ, ನಮ್ಮನ್ನ ಹಪ್ಪಳದ ಹಂಗೆ ಒಣಗಿಸ್ಬೇಕು ಅಂತ ಮಾಡಿದೀಯಾ?" ಅಂದರು.

ಇಂಜಿನಿಯರು ಗಡಿಯಾರ ನೋಡಿಕೊಂಡರು. "ನಾನೇ ಒಂದು ತಪ್ಪು ಮಾಡಿಟ್ಟು ನಿಮಗೆ ಹುಡುಕಿ ಅನ್ನೋಣ ಅಂತಿದ್ದೆ. ಈಗ ಅದರ ಅಗತ್ಯವೇ ಇಲ್ಲ. ಮಧ್ಯಾಹ್ನ ಊಟದ ಬೆಲ್ ಹೊಡೆಯೋದರೊಳಗೆ ಹುಡುಕಿ. ಯಾರೂ ಹೇಳಿಕೊಡಕೂಡದು." ಕೊನೆಯ ಮಾತನ್ನು ಫೋರ್‌ಮನ್ ಕಡೆ ತಿರುಗಿ ಹೇಳಿದರು. ಫೋರ್‌ಮನ್ ಕೈಕಟ್ಟಿ ಬಾಗಿಲ ಪಕ್ಕ ನಿಂತುಬಿಟ್ಟರು.

ಆಮೇಲೆ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಫ್ಯೂಸ್ ನೋಡಿದೆ, ರಿಲೇ ಬಿಚ್ಚಿದೆ, ವೈರುಗಳನ್ನು ಒಂದೊಂದಾಗಿ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆ. ಎಲ್ಲ ಸರಿ ಇದೆ! ಪ್ಲಾಂಟ್ ರೂಮಿನಿಂದ ಹಾಲ್‌ಗೆ, ಹಾಲ್‌ನಿಂದ ಪ್ಲಾಂಟ್ ರೂಮಿಗೆ ಎಷ್ಟು ಸಲ ಓಡಿದೆನೋ. ಹೋಗುವಾಗೆಲ್ಲ ಡಬ್ಬಿಯ ಮುಂದೆಯೇ ಹೋಗುತ್ತಿದ್ದೆ. ಹಾಲ್ ತುಂಬ ಹಾರಗಳೇ ಇದ್ದವಲ್ಲ, ಅದೊಂದು ಹಾರ ಕಣ್ಣಿಗೆ ಬೀಳುವುದಾದರೂ ಹೇಗೆ? ಹನ್ನೊಂದು ಗಂಟೆಗೆ ಬೇರೆ ದಾರಿ ಕಾಣದೆ, ದೇವರೇ ನೀನೇ ಕಾಪಾಡಪ್ಪ ಅಂತ ಇನ್ನೊಂದು ಚೊಂಬು ನೀರು ತಂದು ಅದೇ ಹಾರಕ್ಕೆ ಚಿಮುಕಿಸಿದೆ. ಬಾಗಿಲ ಪಕ್ಕ ಫೋರ್‌ಮನ್ ಜೋರಾಗಿ ಕೆಮ್ಮಿದರು. ಮೂಲೆಯಲ್ಲಿ ಕಾಗದ ನೋಡುತ್ತಿದ್ದ ಇಂಜಿನಿಯರು ತಲೆ ಎತ್ತಿ ಅವರನ್ನು ದುರುಗುಟ್ಟಿ ನೋಡಿದರು. ನಾನು ತಿರುಗಿಯೂ ನೋಡಲಿಲ್ಲ.

ಊಟದ ಬೆಲ್ಲಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಮುಗಿಯಿತು ನನ್ನ ಕಥೆ ಅಂತ ನಲ್ಲಿಯ ಹತ್ತಿರ ಹೋಗಿ ತಲೆಯ ಮೇಲೆಲ್ಲ ನೀರು ಸುರಿದುಕೊಂಡೆ. ಒದ್ದೆ ಕೂದಲು ಹಣೆಗಿಳಿದು ಕಣ್ಣಿಗೆ ಅಂಟಿತು. ಕೈಯಲ್ಲಿ ಸರಿಸಿಕೊಳ್ಳುತ್ತಿದ್ದವನಿಗೆ ಥಟ್ಟನೆ ಹೊಳೆಯಿತು. ಕೂದಲು! ಡಬ್ಬಿಯೊಳಗಿನ ಕೂದಲಿಗೆ ನಾನೇ ಬೆಳಗಿನಿಂದ ನೀರು ಕುಡಿಸುತ್ತಿದ್ದೇನೆ. ಹಾಲ್‌ನಲ್ಲಿ ಮಳೆಗಾಲ ಬಂದಿದೆ ಅಂತ ಅದು ಹೇಳುತ್ತಿದೆ, ಪಾಪ ಹೀಟರು ನಂಬಿಕೊಂಡು ಉರಿಯುತ್ತಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನದು.

ಓಡಿಹೋಗಿ ಹಾರ ಕಿತ್ತೆ. ಮುಚ್ಚಳ ತೆಗೆದು ಬಟ್ಟೆಯಿಂದ ನೀರು ಒತ್ತಿ, ಒಣಗಿದ ಗಾಳಿಗೆ ಡಬ್ಬಿ ತೆರೆದಿಟ್ಟೆ. ಸ್ವಲ್ಪ ಹೊತ್ತಿಗೆ ಪ್ಯಾನೆಲ್‌ನಲ್ಲಿ ಟಕ್ ಅಂತ ಸದ್ದಾಯಿತು. ಹೀಟರು ಆರಿತು. ಅದಾದ ಮೇಲೆ ಬೆಲ್ ಹೊಡೆಯಿತು.

ಇಂಜಿನಿಯರು ನನ್ನ ಬೆನ್ನು ತಟ್ಟಿದರು. ಆಮೇಲೆ ಒದ್ದೆ ಹಾರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು: "ಈ ದಡ್ಡ ಕೆಲಸ ಮಾಡಿದ್ದು ಯಾರು?"

ನಾನೇ ಅಂದರೆ ಗುಬ್ಬಿ, ಸುಮ್ಮನಿದ್ದರೆ ನೌಕರಿ. ನಾನು ಹಾರ ಹಾಕಿದ್ದನ್ನು ನೋಡಿದವರು ಸುತ್ತ ಎಷ್ಟೋ ಜನ ಇದ್ದರು, ಒಬ್ಬರೂ ಬಾಯಿ ಬಿಡಲಿಲ್ಲ.

"ನಾನೇ ಸಾರ್" ಅಂದರು ಫೋರ್‌ಮನ್. "ಹಳೇ ಕಾಲದೋನು ನೋಡಿ. ಹಬ್ಬ ಅಂತ ಹಾಕ್ಬುಟ್ಟೆ."

ನಾನು ಸುಮ್ಮನಿದ್ದೆ. ಬಣ್ಣ ಹಚ್ಚಿ ಹೇಳುವುದೇನಿದೆ, ಹೇಡಿಯ ಹಾಗೆ ನೆಲ ನೋಡುತ್ತಾ ಸುಮ್ಮನಿದ್ದೆ. ಆ ತಿಂಗಳೇ ನನಗೆ ಕಾಯಂ ಆದ ಕಾಗದ ಬಂತು. ರಿಟೈರ್ ಆದ ಮೇಲೂ ಎರಡು ವರ್ಷ ಇಟ್ಟುಕೊಳ್ಳುತ್ತೇವೆ ಅಂತ ಆಫೀಸಿನವರು ಫೋರ್‌ಮನ್‌ಗೆ ಬಾಯಿಮಾತಿನಲ್ಲಿ ಹೇಳಿದ್ದರು. ಹಾರದ ಸಂಗತಿಯಾದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅವರು ಕುಣಿಗಲ್ಲಿಗೆ ಹೊರಟು ಹೋದರು. ಬೀಳ್ಕೊಡುಗೆಯ ದಿನ ನಾನು ಪ್ಲಾಂಟ್ ರೂಮಿನಿಂದ ಆಚೆ ಬರಲಿಲ್ಲ.

ಕಾಯಂ ಆದರೆ ನೆಮ್ಮದಿ ಅಂದುಕೊಂಡಿದ್ದೆ. ಎಲ್ಲಿಯ ನೆಮ್ಮದಿ? ಶಿಫ್ಟ್ ಮುಗಿದರೂ ಮನೆಗೆ ಹೋಗಲು ಮನಸ್ಸಾಗದೆ ಡಬ್ಬಿಯಿಂದ ಡಬ್ಬಿಗೆ ಸುತ್ತುತ್ತಿದ್ದೆ. ಹಟಕ್ಕೆ ಬಿದ್ದು ಓದಿ ವೈರ್‌ಮನ್ ಪರೀಕ್ಷೆ ಕಟ್ಟಿ ಪರ್ಮಿಟ್ಟೂ ತೆಗೆದುಕೊಂಡೆ. ಅದನ್ನು ತೋರಿಸುವ ನೆವದಲ್ಲಿ ಎರಡು ಸಲ ಕುಣಿಗಲ್ ಬಸ್ಸು ಹತ್ತಲು ಹೋಗಿ, ಧೈರ್ಯ ಸಾಲದೆ ವಾಪಸ್ ಬಂದೆ. ಮೂರನೇ ಸಲ ಹೆಂಡತಿಯೇ ಬಸ್‌ಸ್ಟ್ಯಾಂಡಿಗೆ ಬಂದು ಹತ್ತಿಸಿ ಹೋದಳು.

ಕೆರೆ ಏರಿಯ ಹತ್ತಿರ ಅವರ ಮನೆ. ಜಗುಲಿಯಲ್ಲಿ ಕೂತು ಹಳೆಯ ರೇಡಿಯೋ ಬಿಚ್ಚಿಕೊಂಡಿದ್ದರು. "ಬಾರ್ಲಾ, ಈಗ ದಾರಿ ಗೊತ್ತಾಯ್ತಾ?" ಅಂದರು. ನಾನು ಪರ್ಮಿಟ್ ಅವರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಯಜಮಾನ್ರೇ, ಅವತ್ತು ಆ ಹಾರ..." ಅಂದೆ.

"ಅದ್ರದ್ದೇನ್ಲಾ ಈಗ? ನೀನು ಹಾಕಿದ್ದು ನಂಗೊತ್ತಿಲ್ವಾ? ಬೆಳಗ್ಗೆ ಒಳಗೆ ಕಾಲಿಟ್ಟ ತಕ್ಷಣ ಕಂಡಿತ್ತು."

"ಬೆಳಗ್ಗೇನಾ? ಮತ್ತೆ ಆವಾಗ್ಲೇ ಯಾಕೆ ತೆಗೀಲಿಲ್ಲ?"

"ನಾನು ತೆಗೆದಿದ್ರೆ ಅವ್ರು ನಿಂಗೆ ಗೊತ್ತಿಲ್ದಿರೋ ತಪ್ಪು ಇಡೋರು. ಇದಾದ್ರೆ ನಾನೇ ಕಲಿಸಿದ್ದ ಕೂದ್ಲಲ್ವಾ?" ಅಂದರು. ಪರ್ಮಿಟ್ಟನ್ನು ಮೊದಲಿನ ಹಾಗೇ ಮಡಿಸಿ ನನ್ನ ಜೇಬಿಗೆ ತಾವೇ ಇಟ್ಟರು. "ಆದ್ರೂ ಆ ಎರಡನೇ ಚೊಂಬು ನೀರು ಹಾಕ್ದಲ್ಲ, ಆವಾಗ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು ಕಣ್ಲಾ."

ಒಳಗಿನಿಂದ ಅವರ ಮನೆಯವರು ಕಾಫಿ ತಂದರು. ನಾನು ಜಗುಲಿಯ ಮೇಲೆ ಕೂತು ಕುಡಿದೆ.