ಬಂಡೆಮ್ಮನ ಹೌಜಿಗೆ ಹೆಪ್ಪು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಂಡೆಮ್ಮ ಆಗಲೇ ಕಚ್ಚೆ ಬಿಗಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಳೆ. ಕಲಬುರಗಿಯ ಇಕ್ಬಾಲ್ ಬೇಗಂ ಅವರ ಹಿತ್ತಲಿನ ಮೀನುಕೊಳ, ಊರವರ ಬಾಯಲ್ಲಿ ಹೌಜ್, ಕಟ್ಟಿದವಳು ಇವಳೇ. ಹೈದರಾಬಾದಿನಿಂದ ತರಿಸಿದ ಕೆಂಪು ಮೀನುಗಳು ಇವತ್ತು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಇವು ಸತ್ತರೆ, ಬಂಡೆಮ್ಮನ ಹೌಜಿನಲ್ಲಿ ಮೀನು ಬದುಕುವುದಿಲ್ಲವಂತೆ ಎಂಬ ಸುದ್ದಿ ಸಂಜೆಯೊಳಗೆ ಎಲ್ಲ ಹವೇಲಿ ಮುಟ್ಟುತ್ತದೆ. ಆಮೇಲೆ ಅವಳನ್ನು ಕರೆಯುವವರು ಯಾರು?

ಕಮಲಾಪುರದ ಈ ಹೆಣ್ಣುಮಗಳಿಗೆ ಕಸುಬು ಸಿಕ್ಕಿದ್ದೇ ಪರದೆಯ ದಯೆಯಿಂದ. ಹೆಂಗಸರಿರುವ ಜನಾನಾದ ಹಿತ್ತಲಿಗೆ ಗಂಡಸು ಕಾಲಿಡುವಂತಿಲ್ಲ. ಗಾರೆ ಕೆಲಸದ ಗಂಡ ತುಕಾರಾಮ ಗೋಡೆಯಾಚೆ ನಿಂತು ಕೂಗಿ ಹೇಳುತ್ತಿದ್ದ, ಇವಳು ಒಳಗೆ ಮೆತ್ತುತ್ತಿದ್ದಳು. ಈಗ ಕಸುಬು ಕಲಿತು ಕೂಗುವವಳು ಇವಳು, ಆಚೆ ಕುಳಿತು ಸುಣ್ಣ ಅರೆಯುವವನು ಅವನು. “ನಡುವ ಗೋಡಿ ಇದ್ರ ಸಂಸಾರ ಛಲೋ ನಡೀತದ್ರಿ,” ಎಂದು ನಗುತ್ತಾಳೆ.

ಹೌಜಿನ ಜೀವವೆಲ್ಲ ಪಕ್ಕದ ಎತ್ತರದ ಕಲ್ಲುತೊಟ್ಟಿಯಲ್ಲಿದೆ. ಅದರಲ್ಲಿ ಬೆಣಚುಕಲ್ಲು, ಇದ್ದಿಲು, ಮರಳು. ಕೊಳದ ನೀರನ್ನು ದಿನಾ ಮೊಗೆದು ಮೇಲೆ ಸುರಿದರೆ, ಸೋಸಿಕೊಂಡು ಮತ್ತೆ ಕೊಳಕ್ಕೇ ಬೀಳುತ್ತದೆ. ಕಲ್ಲಿಗೆ ಹತ್ತಿದ ಲೋಳೆಯೇ ಮೀನಿನ ಹೊಲಸನ್ನು ತಿನ್ನುವುದು. ಎಡವಟ್ಟಾದದ್ದು ಇಲ್ಲೇ. ನಾಳೆ ಈದ್ ಎಂದು ಮನೆಯೆಲ್ಲ ತೊಳೆಸಿದ ಬೇಗಂ, ಆ ಕಲ್ಲುಗಳನ್ನೂ ತಮ್ಮ ಕೈಯಾರೆ ಅಂಟವಾಳದ ನೊರೆಯಲ್ಲಿ ತಿಕ್ಕಿ ತಿಕ್ಕಿ ಹೊಳೆಯಿಸಿದ್ದಾರೆ. ಅಯ್ಯೋ ಶಿವನೇ, ಅಂಟವಾಳ ಮೀನಿಗೆ ವಿಷ!

ಬೇಗಂ ಕಣ್ಣೀರು ಹಾಕುತ್ತಿದ್ದರೆ ಬೈಯುವುದಾದರೂ ಯಾರನ್ನು? ಬಂಡೆಮ್ಮ ಬಿರಿಯಾನಿಯ ದೊಡ್ಡ ಡೇಗನ್ನೇ ತರಿಸಿ, ಬಾವಿ ನೀರು ತುಂಬಿ ಮೀನುಗಳನ್ನು ಬಿಡುತ್ತಾಳೆ. ಪರದೆಯಾಚೆ ಅಡುಗೆಯ ಕರೀಂಸಾಬ್ ಗೊಣಗುತ್ತಾನೆ. ಡೇಗನ್ನು ಬೇಕಾದಷ್ಟು ತಿಕ್ಕಿಕೊಳ್ಳಲಿ, ತನ್ನದೇನೂ ತಕರಾರಿಲ್ಲ ಎಂದು ಅವನಿಗೆ ಹೇಳಿಕಳಿಸುತ್ತಾಳೆ.

ಹೌಜನ್ನೂ ತೊಟ್ಟಿಯನ್ನೂ ಬರಿದು ಮಾಡಿ ತೊಳೆಯಲು ಮನೆಯ ಹೆಂಗಸರನ್ನು ಹಚ್ಚಿ, ತಾನು ಬ್ರಹ್ಮಪುರದ ಓಣಿಗೆ ಓಡುತ್ತಾಳೆ. ಅಲ್ಲಿನ ಕಸ್ತೂರಿಬಾಯಿಯ ಹಿತ್ತಲಲ್ಲೂ ಇವಳು ಕಟ್ಟಿದ ಹೌಜಿದೆ. ಆಕೆ ಯಾರಿಗೆ, ಯಾಕೆ ಎಂದು ಕೇಳದೆ ತೊಟ್ಟಿಯ ಅರ್ಧ ಕಲ್ಲು ಎತ್ತಿಕೊಡುತ್ತಾಳೆ. ಲೋಳೆ ಆರದಂತೆ ಒದ್ದೆ ಗೋಣಿಯಲ್ಲಿ ಸುತ್ತಿ ಬಂಡೆಮ್ಮ ತಲೆಯ ಮೇಲೆ ಹೊತ್ತು ತಂದು, ಬೇಗಂ ನೋಡುತ್ತಿದ್ದಂತೆ ಇಲ್ಲಿನ ತೊಟ್ಟಿಗೆ ಹಾಕುತ್ತಾಳೆ.

“ಹಾಲಿಗಿ ಹೆಪ್ಪು ಹಾಕಿದಂಗ್ರಿ ಇದು. ಒಂದು ಮನಿದು ಇನ್ನೊಂದು ಮನ್ಯಾಗ ಹತ್ತತದ.”

ಹೊಸ ನೀರು ತುಂಬಿ, ಮೀನು ಬಿಟ್ಟ ಮೇಲೂ ಅವಳು ಕದಲುವುದಿಲ್ಲ. ಉಂಡೆಯೇನೇ ಎಂದು ತುಕಾರಾಮ ಗೋಡೆಯಾಚೆಯಿಂದ ಕೂಗುತ್ತಲೇ ಇದ್ದಾನೆ, ಇವಳು ಮೊಗೆದು ಸುರಿಯುತ್ತಲೇ ಇದ್ದಾಳೆ. ಹೊತ್ತು ಇಳಿಯುವಾಗ ಮೀನೊಂದು ತಳಕ್ಕಿಳಿದು ಅವಳು ಹಾಕಿದ ರೊಟ್ಟಿಯ ಚೂರು ಕಚ್ಚುತ್ತದೆ. ಬಂಡೆಮ್ಮನಿಗೆ ಆಗ ಹೋದ ಜೀವ ಬಂದಂತಾಗುತ್ತದೆ.

ಈದಿನ ಬೆಳಗ್ಗೆ ಮೀನೆಲ್ಲ ಓಡಾಡುತ್ತಿವೆ. ತಮ್ಮ ತಂಗಿಯ ಮನೆಗೂ ಇಂಥದೇ ಹೌಜ್ ಬೇಕಂತೆ, ಏನು ಕೊಡಲಿ ಎಂದು ಬೇಗಂ ಕೇಳುತ್ತಾರೆ. ಹಬ್ಬದ ಹಾಲು-ಶಾವಿಗೆಯ ಸುರಕುಂಬಾದ ಬಟ್ಟಲು ಕೆಳಗಿಟ್ಟು ಬಂಡೆಮ್ಮ ಬಾಯೊರೆಸಿಕೊಳ್ಳುತ್ತಾಳೆ.

“ಆ ಹೌಜಿಗಿ ಕಲ್ಲು ಕೇಳಾಕ ನಿಮ್ಮ ಬಾಗಲಕ್ಕ ಬರ್ತೀನ್ರಿ, ಬೇಗಂಸಾಬ್ರ. ಇಲ್ಲ ಅನಬ್ಯಾಡ್ರಿ, ಅಷ್ಟ ಸಾಕು.”