ಎರಡನೆಯ ಸಹಿ

ಬಸ್‌ನಿಲ್ದಾಣದ ಮೈಕಿನ ಮುಂದೆ ಮೂವತ್ತೊಂದು ವರ್ಷದಿಂದ ಕೂತಿದ್ದ ಹೆಂಗಸನ್ನು ಎಲ್ಲರೂ ಗಮನಕ್ಕ ಎನ್ನುತ್ತಿದ್ದರು. ಒಂದೊಂದು ಬಸ್ಸು ಹೊರಡುವ ಮುನ್ನವೂ ಆಕೆ ಹೇಳುತ್ತಿದ್ದ ‘ಪ್ರಯಾಣಿಕರ ಗಮನಕ್ಕೆ’ ಎಂಬ ಮಾತೇ ಹೆಸರಾಗಿ ಅಂಟಿಕೊಂಡಿತ್ತು. ಹಾಗೆ ಹೆಸರಿಟ್ಟ ಕಂಡಕ್ಟರು ಎಂದೋ ನಿವೃತ್ತನಾದ, ಹೆಸರು ಮಾತ್ರ ಡ್ಯೂಟಿಯಲ್ಲೇ ಉಳಿಯಿತು.

ಅವಳ ಕೋಣೆ ಇದ್ದದ್ದು ಟಿಕೆಟ್ ಕೌಂಟರಿನ ಹಿಂದೆ. ಒಂದು ಮೇಜು, ಕತ್ತು ವಾಲಿದ ಫ್ಯಾನು, ಗಂಟಲಿಗೆಂದು ಬಿಸಿನೀರಿನ ಫ್ಲಾಸ್ಕು, ಗೋಡೆಗೆ ಅಂಟಿಸಿದ ವೇಳಾಪಟ್ಟಿ. ಬಿಸಿಲು ಹೊಡೆಯುತ್ತದೆಂದು ಕಿಟಕಿಯ ಗಾಜಿಗೆ ಅರ್ಧದವರೆಗೆ ಹಸಿರು ಬಣ್ಣ ಬಳಿದಿದ್ದರು. ಹಾಗಾಗಿ ಊರಿಗೆಲ್ಲ ಅವಳ ದನಿ ಗೊತ್ತು, ಮುಖ ಗೊತ್ತಿದ್ದವರು ಬೆರಳೆಣಿಕೆಯಷ್ಟು. ಸಾವಿರಾರು ಜನರನ್ನು ಬಸ್ಸು ಹತ್ತಿಸಿದ ಆಕೆಗೆ ತಾನೇ ಹತ್ತಿ ಎಲ್ಲಿಗಾದರೂ ಹೋಗುವ ಸಂದರ್ಭ ಬಂದಿರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಈಗ ಬಂದಿತ್ತು.

ಸಮುದ್ರದಾಚೆಯ ದೇಶಕ್ಕೆ ಮದುವೆಯಾಗಿ ಹೋದ ತಂಗಿಗೆ ಮುಂದಿನ ತಿಂಗಳು ಇಪ್ಪತ್ತನಾಲ್ಕಕ್ಕೆ ಹೃದಯದ ಆಪರೇಷನ್. ಅಮ್ಮ ತೀರಿಕೊಂಡಾಗ ಈ ತಂಗಿಗೆ ನಾಲ್ಕು ವರ್ಷ. ಎತ್ತಿ ಆಡಿಸಿದವಳು, ಜಡೆ ಹಾಕಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಅಕ್ಕನೇ. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಮುಖ ನೋಡಿರಲಿಲ್ಲ. ಹೋದ ಭಾನುವಾರ ಫೋನಿನಲ್ಲಿ ತಂಗಿ ಅದೂ ಇದೂ ಮಾತಾಡಿ, ಇಡುವ ಮುಂಚೆ ಹೇಳಿದ್ದಳು: “ಅಕ್ಕಾ, ಮನೆಯೋರೆಲ್ಲ ಇರ್ತಾರೆ. ಆದ್ರೆ ಒಳಗೆ ಕರ್ಕೊಂಡು ಹೋಗೋವಾಗ ನೀನು ಕೈ ಹಿಡ್ಕೊಂಡಿದ್ರೆ ಸಾಕು ನನಗೆ.”

ಮರುದಿನವೇ ಗಮನಕ್ಕ ಅಂಚೆಕಚೇರಿಗೆ ಹೋದಳು. ಹಿಂದೆ ಪಾರ್ಸೆಲ್ ಪೇರಿಸುತ್ತಿದ್ದ ಕೋಣೆಯನ್ನೇ ಪಾಸ್‌ಪೋರ್ಟ್ ಕೌಂಟರು ಮಾಡಿದ್ದರು; ಅರಗಿನ ವಾಸನೆ ಇನ್ನೂ ಹೋಗಿರಲಿಲ್ಲ. ಅರ್ಜಂಟ್ ಎಂದು ಬರೆದ ಅರ್ಜಿಯನ್ನು ಚಾಚಿ, “ಎಲ್ಲ ಸರಿಯಾಗಿದೆಯಾ ನೋಡಿ ಸಾರ್” ಎಂದಳು. ತಲೆ ಬಗ್ಗಿಸಿ ಬರೆಯುತ್ತಿದ್ದ ಗುಮಾಸ್ತ ಥಟ್ಟನೆ ಗೋಡೆಯ ಗಡಿಯಾರ ನೋಡಿದ.

“ಅಯ್ಯೋ, ನೀವಾ? ಸಂಜೆ ಐದು ನಲವತ್ತರ ಬಸ್ಸು ಹೊರಟೇಹೋಯ್ತೇನೋ ಅಂತ ಎದೆ ಧಸಕ್ ಅಂತು ನೋಡಿ! ದಿನಾ ಅದಕ್ಕೇ ಮನೆಗೆ ಹೋಗೋನು ನಾನು.” ಆಮೇಲೆ ಅವಳ ಮುಖವನ್ನೇ ದಿಟ್ಟಿಸಿ, “ನೀವು ಇನ್ನೂ ದಪ್ಪ ಇರ್ತೀರಿ ಅಂದ್ಕೊಂಡಿದ್ದೆ” ಎಂದ.

ಬೆರಳಚ್ಚು, ಫೋಟೋ, ಸಹಿ ಎಲ್ಲ ಮುಗಿಯಿತು. ಪೊಲೀಸರು ಮನೆಗೆ ಬಂದು ವಿಚಾರಿಸಿ ವರದಿ ಕೊಟ್ಟರೆ ಹತ್ತು ದಿನದಲ್ಲಿ ಪಾಸ್‌ಪೋರ್ಟು ಕೈಗೆ ಬರುತ್ತದೆ ಎಂದ ಗುಮಾಸ್ತ.

ಪೊಲೀಸಪ್ಪ ಬಂದದ್ದು ಮುಂದಿನ ಸೋಮವಾರ, ಅವಳು ಡ್ಯೂಟಿಯಲ್ಲಿದ್ದಾಗ. ಓಣಿಯಲ್ಲಿ ಹೆಚ್ಚಿನವರು ಎರಡು ಮೂರು ವರ್ಷದ ಬಾಡಿಗೆದಾರರು. ಅವಳು ಮನೆ ಬಿಡುವಾಗ ಅವರಿಗೆ ನಿದ್ದೆ, ಮರಳುವಾಗ ಟೀವಿ. ಫೋಟೋ ನೋಡಿ ಒಬ್ಬರು ತಲೆ ಅಲ್ಲಾಡಿಸಿದರು, ಇನ್ನೊಬ್ಬರು “ಯಾರೋ ನೋಡಿದಂಗಿದೆ” ಎಂದರು. ಸಂಜೆ ಬಂದು ನೋಡಿದರೆ ಬಾಗಿಲ ಸಂದಿಯಲ್ಲಿ ಚೀಟಿ. ‘ಹತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಬಲ್ಲ ನೆರೆಯವರಿಬ್ಬರ ಹೇಳಿಕೆ ಮತ್ತು ಸಹಿ ಬೇಕು. ಗುರುವಾರ ಬೆಳಿಗ್ಗೆ ಬರುತ್ತೇನೆ. ಇಲ್ಲವಾದರೆ ವಾಸ ದೃಢಪಟ್ಟಿಲ್ಲವೆಂದು ಕಡತ ವಾಪಸು.’

ಕಡತ ವಾಪಸಾದರೆ ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಇಪ್ಪತ್ತನಾಲ್ಕನೆಯ ತಾರೀಖು ದಾಟಿರುತ್ತದೆ.

ಮೊದಲ ಸಹಿಗೆ ತೊಂದರೆಯಿರಲಿಲ್ಲ. ಎದುರಿನ ಹಿಟ್ಟಿನ ಗಿರಣಿಯವನು ಅವಳು ಸಂಸಾರ ಹೂಡಿದಾಗಿನಿಂದ ಅಲ್ಲೇ ಇದ್ದ. ಗಿರಣಿಯ ಸದ್ದಿಗೆ ಕಿವಿ ಮಂದವಾಗಿತ್ತು. ಹುಬ್ಬಿನ ಮೇಲೂ ಹಿಟ್ಟು ಕೂತ ಆ ಮನುಷ್ಯ ಚೀಟಿ ಓದಿ, “ನಂದು ಒಂದು ಆಯ್ತು. ಇನ್ನೊಂದು?” ಎಂದು ಕೂಗಿ ಕೇಳಿದ.

ಅವಳ ಕಣ್ಣು ಪಕ್ಕದ ಮನೆಯ ಬಾಗಿಲತ್ತ ಹೋಯಿತು. ಓಣಿಯಲ್ಲಿ ಹತ್ತು ವರ್ಷ ಮೀರಿದವರು ಇನ್ನು ಒಬ್ಬಳೇ, ಅವಳ ಗೋಡೆಗೆ ಗೋಡೆ ಅಂಟಿಕೊಂಡ ಮನೆಯಲ್ಲಿ ಹಾಸಿಗೆ ಹೊಲಿಯುವ ಹಾಸಿಗೆಯಕ್ಕ.

“ಊರಿಗೆಲ್ಲ ಕೇಳೋ ಹಾಗೆ ಕೂಗ್ತೀಯ ತಾಯಿ, ಪಕ್ಕದ ಮನೆಗೆ ಒಂದು ಮಾತು ಮುಟ್ಟಿಸೋಕಾಗಲ್ವಾ?” ಎಂದ ಗಿರಣಿಯವನು. “ಹನ್ನೊಂದು ವರ್ಷ ಆಯ್ತಲ್ಲ! ಗಂಡ ಹೆಂಡಿರೂ ಇಷ್ಟು ಕಾಲ ಮುನಿಸ್ಕೊಳ್ಳಲ್ಲ.”

ಹನ್ನೊಂದು ವರ್ಷದ ಹಿಂದೆ ಗಮನಕ್ಕ ಮನೆಯ ಮಾಡಿಗೆ ಮಳೆನೀರು ಇಳಿಯಲೆಂದು ತಗಡಿನ ಕೊಳವೆ ಹಾಕಿಸಿದ್ದಳು. ಮೊದಲ ಮಳೆಗೇ ನೀರೆಲ್ಲ ಪಕ್ಕದ ಅಂಗಳಕ್ಕೆ ಧುಮುಕಿ, ಹಾಸಿಗೆಯಕ್ಕ ಹಿಂಜಿ ಗುಡ್ಡೆ ಹಾಕಿದ್ದ ಹತ್ತಿ ಮುದ್ದೆಯಾಯಿತು. ಮದುಮಕ್ಕಳ ಹಾಸಿಗೆಗೆಂದು ಇಟ್ಟ ಹತ್ತಿ ಅದು. ಹಾಸಿಗೆಯಕ್ಕ ಬೀದಿಯಲ್ಲಿ ನಿಂತು ಕೂಗಾಡಿದಳು. ಗಮನಕ್ಕ ಹೊರಗೆ ಬಂದು, “ಹತ್ತಿ ನೆನೆದ್ರೆ ಒಣಗುತ್ತೆ, ನಿನ್ನ ಬಾಯಿಗೆ ಮಾತ್ರ ಯಾವ ಬಿಸಿಲೂ ಸಾಲಲ್ಲ” ಎಂದುಬಿಟ್ಟಳು. ಓಣಿ ನಕ್ಕಿತು. ಅವತ್ತಿಗೆ ನಿಂತ ಮಾತು ಮತ್ತೆ ಶುರುವಾಗಲಿಲ್ಲ.

ಆದರೆ ಗಮನಕ್ಕನ ಬಾಯಿ ಕಟ್ಟಿದ್ದು ಆ ಜಗಳವಲ್ಲ. ಜಗಳವಾದ ವರ್ಷವೇ ಅವಳ ಗಂಡ ನೆಲ ಹಿಡಿದಿದ್ದ, ಬೆನ್ನೆಲ್ಲ ಹುಣ್ಣು. ಒಂದು ದಿನ ಗಿರಣಿಯವನು ಹೊಸ ಹಾಸಿಗೆಯೊಂದನ್ನು ಹೊತ್ತು ತಂದು, “ಆಸ್ಪತ್ರೆಯವರು ಕೊಟ್ರು” ಎಂದು ಇಳಿಸಿದ. ಹೂವಿನ ಹಾಗೆ ಮೆತ್ತಗಿತ್ತು. ಮೂಲೆಯಲ್ಲಿ ಕೆಂಪು ದಾರದ ಗಂಟು. ಅಂಥ ಗಂಟು ಹಾಕುತ್ತಿದ್ದುದು ಊರಿನಲ್ಲಿ ಒಂದೇ ಕೈ. ಗಂಡ ಕೊನೆಯ ಐದು ತಿಂಗಳು ಅದರ ಮೇಲೆ ನರಳದೆ ಮಲಗಿದ. ಗಮನಕ್ಕನಿಗೆ ಎಲ್ಲ ಗೊತ್ತಾಗಿತ್ತು. ನಾಳೆ ಹೋಗಿ ಹೇಳೋಣ ಎಂದುಕೊಂಡಳು. ನಾಳೆ ತಿಂಗಳಾಯಿತು, ತಿಂಗಳು ವರ್ಷವಾಯಿತು. ಹೇಳದೆ ಉಳಿದ ಮಾತು ಒಳಗೇ ಕೂತು ಕಲ್ಲಾಯಿತು. ಆ ಮಾತನ್ನೇ ಆಡದ ಬಾಯಲ್ಲಿ ಈಗ ಸಹಿ ಹಾಕು ಎಂದು ಕೇಳುವುದು ಹೇಗೆ?

ಮಂಗಳವಾರ ಪೂರ್ತಿ ಮೈಕು ಆರಿಸಿದಾಗಲೆಲ್ಲ ಬಾಯಿಪಾಠ ಮಾಡಿದಳು. “ಅಕ್ಕಾ, ಒಂದು ಉಪಕಾರ ಆಗ್ಬೇಕು.” ಎಷ್ಟು ಸಲ ಹೇಳಿದರೂ ದನಿ ಬಸ್ಸು ತಡವಾಗಿದೆ ಎಂಬ ಪ್ರಕಟಣೆಯ ಹಾಗೆಯೇ ಕೇಳುತ್ತಿತ್ತು. ಬುಧವಾರ ಸಂಜೆ ಹೋಗಿ ಹಾಸಿಗೆಯಕ್ಕನ ಹೊಸ್ತಿಲ ಹೊರಗೆ ನಿಂತಳು. ಒಳಗೆ ಹತ್ತಿಯ ಧೂಳು ತೇಲುತ್ತಿತ್ತು. ಹಾಸಿಗೆಯಕ್ಕ ಕಾಲು ಚಾಚಿ ಕೂತು ದಬ್ಬಣದಲ್ಲಿ ದಿಂಬಿನ ಬಾಯಿ ಮುಚ್ಚುತ್ತಿದ್ದವಳು ತಲೆಯೆತ್ತಿದಳು. ಕಣ್ಣಿಗೆ ಕಣ್ಣು ಸಿಕ್ಕಿತು. ಗಮನಕ್ಕ ಬಾಯಿ ತೆರೆದಳು.

“ಬೆಕ್ಕು… ಈ ಕಡೆ ಏನಾದ್ರೂ ಬಂತಾ?”

ಹಾಸಿಗೆಯಕ್ಕ ಇಲ್ಲವೆಂದು ತಲೆ ಆಡಿಸಿದಳು. ಗಮನಕ್ಕ ಹಿಂತಿರುಗಿ ನೋಡದೆ ಮನೆಗೆ ಬಂದು, ಬಾಗಿಲು ಹಾಕಿ, ಹಣೆ ಹಣೆ ಚಚ್ಚಿಕೊಂಡಳು. ಅವಳ ಮನೆಯಲ್ಲಿ ಎಂದೂ ಬೆಕ್ಕು ಇದ್ದದ್ದೇ ಇಲ್ಲ.

ಗುರುವಾರ ಅರ್ಧ ದಿನ ರಜೆ ಹಾಕಿದಳು. ಪೊಲೀಸಪ್ಪ ಎಂಟು ಗಂಟೆಗೇ ಬಂದ. ನಿದ್ದೆ ಸಾಲದ ಕಣ್ಣಿನ, ಅವಸರದ ಮನುಷ್ಯ. ಗಿರಣಿಯವನ ಸಹಿ ಮೊದಲು ತೆಗೆದುಕೊಂಡು, “ಇನ್ನೊಂದು?” ಎಂದ. ಅವಳ ಬೆರಳು ತಾನಾಗಿಯೇ ಪಕ್ಕದ ಮನೆಯತ್ತ ಚಾಚಿತು. “ನೀವು ಒಳಗಿರಿ, ನಿಮ್ಮ ಎದುರಿಗೆ ಕೇಳೋ ಹಾಗಿಲ್ಲ” ಎಂದು ಅವನು ಹೋದ.

ಅವಳು ಹಿತ್ತಲಿಗೆ ಓಡಿದಳು. ಅಲ್ಲಿನ ಗಿಡ್ಡ ಗೋಡೆಯ ಆಚೆಗೇ ಹಾಸಿಗೆಯಕ್ಕ ಬೆಳಗಿನ ಹೊತ್ತು ಹತ್ತಿ ಹಿಂಜುತ್ತಿದ್ದುದು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಿಸಿ ಕಿವಿಗೊಟ್ಟಳು.

“ಪಕ್ಕದ ಮನೆಯವರು ನಿಮಗೆ ಗೊತ್ತಾ ಅಮ್ಮಾ?”

“ನನಗೂ ಅವಳಿಗೂ ಮಾತಿಲ್ಲ.”

“ಹಾಗಾದ್ರೆ ಗೊತ್ತಿಲ್ಲ ಅಂತ ಬರ್ಕೊತೀನಿ.”

“ಏ ತಡಿಯಪ್ಪಾ! ಮಾತಿಲ್ಲ ಅಂದೆ, ಗೊತ್ತಿಲ್ಲ ಅಂದ್ನಾ? ಅವಳ ಕೆಮ್ಮು ಗೊತ್ತು ನನಗೆ. ನಾಲ್ಕೂವರೆಗೆ ಎದ್ದು ಮೂರು ಸಲ ಕೆಮ್ಮಿ ಒಲೆ ಹಚ್ತಾಳೆ. ಐದೂ ಇಪ್ಪತ್ತಕ್ಕೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಹೋಗ್ತಾಳೆ. ಆ ಕೆಮ್ಮಿಗೆ ನನಗೆ ಎಚ್ಚರ, ಆ ಬೀಗದ ಸದ್ದಿಗೆ ಏಳೋದು. ಭಾನುವಾರ ತಂಗಿ ಫೋನು. ಅವಳಿಗೆ ಫೋನೂ ಮೈಕೂ ಒಂದೇ, ಓಣಿಗೆಲ್ಲ ಕೇಳುತ್ತೆ. ಆ ತಂಗಿಗೆ ಎದೆ ಕುಯ್ತಾರಂತೆ, ಗೊತ್ತಾ ನಿನಗೆ? ದೊಡ್ಡ ಮಳೆ ಬಂದ ವರ್ಷ ಎರಡು ದಿನ ಮನೆಗೆ ಬರ್ಲಿಲ್ಲ. ಯಾವ ಬಸ್ಸು ಸಿಕ್ಕಿಹಾಕ್ಕೊಂಡಿದೆ, ಯಾರೂ ಹೆದರಬೇಡಿ ಅಂತ ಮೈಕಿನಲ್ಲೇ ಹೇಳ್ತಾ ಕೂತಿದ್ಳು. ಒಂದು ವಾರ ಗಂಟಲೇ ಇರ್ಲಿಲ್ಲ ಪಾಪ.”

ಪೊಲೀಸಪ್ಪನ ಪೆನ್ನು ಕಾಗದದ ಮೇಲೆ ಕರಕರ ಅನ್ನುತ್ತಿತ್ತು. “ನಡತೆ ಹೇಗೆ?”

“ನೇರ. ಸುಳ್ಳು ಹೇಳೋಕೆ ಬರಲ್ಲ.”

“ಅದು ಹೇಗೆ ಹೇಳ್ತೀರಿ?”

“ನಿನ್ನೆ ಬಂದು ಬೆಕ್ಕು ಬಂತಾ ಅಂತ ಕೇಳಿದ್ಳು. ಅವಳ ಮನೇಲಿ ಬೆಕ್ಕೇ ಇಲ್ಲ. ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳೋಕೆ ಯಾರಿಗಾದ್ರೂ ಬರುತ್ತಪ್ಪಾ.”

ಗೋಡೆಯ ಈಚೆ ಗಮನಕ್ಕನ ಕಿವಿ ಸುಡುತ್ತಿತ್ತು.

“ಕೊನೇದು,” ಎಂದ ಪೊಲೀಸಪ್ಪ, “ನೆರೆಹೊರೆಯವರ ಜೊತೆ ಏನಾದ್ರೂ ಜಗಳ, ತಕರಾರು? ನಿಜ ಹೇಳ್ಬೇಕು. ಇದ್ರೆ ವಿಚಾರಣೆ ಆಗೋವರೆಗೆ ಕಡತ ಮುಂದೆ ಹೋಗಲ್ಲ.”

ಹತ್ತಿ ಹಿಂಜುವ ಕೋಲಿನ ಸದ್ದು ನಿಂತಿತು. ಗಮನಕ್ಕ ಕಣ್ಣು ಮುಚ್ಚಿದಳು. ತಗಡಿನ ಕೊಳವೆ ಅವಳ ನೆತ್ತಿಯ ಮೇಲೇ ಇತ್ತು, ಈಗಲೂ ಬಾಯಿ ಪಕ್ಕದ ಅಂಗಳದ ಕಡೆಗೇ.

“ಜಗಳನಾ? ಹನ್ನೊಂದು ವರ್ಷ ಆ ಬೆಕ್ಕಿನ ಮಾತೊಂದು ಬಿಟ್ರೆ ಅವಳು ನನಗೆ ಒಂದಕ್ಷರ ಅಂದಿಲ್ಲ. ಇಷ್ಟು ಸದ್ದಿಲ್ದೆ ಇರೋ ನೆರೆಯವಳು ಇನ್ಯಾರಿಗೆ ಸಿಕ್ಕಿದಾಳೆ ಹೇಳು! ಎಲ್ಲಿ, ಎಲ್ಲಿ ಹಾಕ್ಬೇಕು ಸಹಿ? ಕನ್ನಡಕ ತರ್ತೀನಿ ಇರು.”

ಹಾಸಿಗೆಯ ಮಾತು ಬಂದೀತೆಂದು ಗಮನಕ್ಕ ಕಾದಳು. ಅದು ಬರಲೇ ಇಲ್ಲ.

ಪೊಲೀಸಪ್ಪ ಹೋದ ಅರ್ಧ ಗಂಟೆಯಲ್ಲಿ ಅವಳು ತಗಡು ಕೆಲಸದವನನ್ನು ಕರೆತಂದು ಏಣಿ ಹತ್ತಿಸಿದ್ದಳು. ಸುತ್ತಿಗೆಯ ಸದ್ದಿಗೆ ಹಾಸಿಗೆಯಕ್ಕನ ತಲೆ ಗೋಡೆಯ ಮೇಲೆ ಮೂಡಿತು, ಕೂದಲಲ್ಲಿ ಹತ್ತಿಯ ಎಳೆಗಳು.

“ಏನದು ಗದ್ದಲ?”

“ಕೊಳವೆ ಈ ಕಡೆ ತಿರುಗಿಸ್ತಿದೀನಿ.”

“ಓಹೋ. ಹನ್ನೊಂದು ಮಳೆಗಾಲ ಕಳೆದ್ಮೇಲೆ ನೆನಪಾಯ್ತಾ?”

“ಅಕ್ಕಾ.” ಆ ಪದ ಹೊರಬಿದ್ದ ಮೇಲೆ ಮುಂದಿನದು ಅಷ್ಟೇನೂ ಕಷ್ಟವಾಗಲಿಲ್ಲ. “ಅವತ್ತು ಅವರಿಗೆ ಅಂತ ಬಂತಲ್ಲ, ಹಾಸಿಗೆ. ಐದು ತಿಂಗಳು ಅದರ ಮೇಲೆ ನೆಮ್ಮದಿಯಾಗಿ ಮಲಗಿದ್ರು. ಕೆಂಪು ದಾರ ನೋಡಿದ್ದೆ ನಾನು. ನೋಡಿಯೂ ಬರ್ಲಿಲ್ಲ.”

“ಕೆಂಪು ದಾರ ಯಾರು ಬೇಕಾದ್ರೂ ಹಾಕ್ತಾರೆ,” ಎಂದಳು ಹಾಸಿಗೆಯಕ್ಕ. ತಲೆ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ, “ಆ ಮೂಲೆಗೆ ಇನ್ನೊಂದು ಮೊಳೆ ಹೊಡಿಯೋಕೆ ಹೇಳು, ಅಲ್ಲಾಡ್ತಿದೆ” ಎಂಬ ಮಾತು ಬಂತು.

ಸಹಿಯಾದ ಒಂಬತ್ತನೆಯ ದಿನ ಪಾಸ್‌ಪೋರ್ಟು ಬಂತು. ಮಿಕ್ಕ ಕಾಗದಪತ್ರ, ಟಿಕೆಟ್ಟು ಎಲ್ಲ ತಂಗಿಯ ಮನೆಯವರೇ ಮಾಡಿಸಿದರು. ಆಪರೇಷನ್ನಿಗೆ ಮೂರು ದಿನ ಮೊದಲು ತಂಗಿಯ ಬಾಗಿಲಲ್ಲಿ ಇಳಿಯುವ ಹಾಗಿತ್ತು. ಫೋಟೋದಲ್ಲಿ ಗಮನಕ್ಕ ಯಾರೋ ಗದರಿಸಿದವರ ಹಾಗೆ ಕಾಣುತ್ತಿದ್ದಳು. ಆದರೂ ದಿನಕ್ಕೆ ನಾಲ್ಕು ಸಲ ತೆರೆದು ನೋಡಿದಳು.

ಹೊರಡುವ ಬೆಳಿಗ್ಗೆ ಪೆಟ್ಟಿಗೆ ಹಿಡಿದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ತಿರುಗಿದರೆ ಹಾಸಿಗೆಯಕ್ಕ ತನ್ನ ಮೆಟ್ಟಿಲ ಮೇಲೆ ನಿಂತಿದ್ದಳು. ಕಂಕುಳಲ್ಲಿ ಒಂದು ಪುಟ್ಟ ದಿಂಬು.

“ತಗೋ. ಎದೆ ಕುಯ್ದೋರಿಗೆ ಕೆಮ್ಮು ಬಂದ್ರೆ ಪ್ರಾಣ ಹೋದಂಗಾಗುತ್ತಂತೆ. ಇದನ್ನ ಎದೆಗೆ ಅವಚಿಕೊಂಡು ಕೆಮ್ಮು ಅಂತ ಹೇಳು ಅವಳಿಗೆ.”

ಗಮನಕ್ಕ ದಿಂಬನ್ನು ತಿರುಗಿಸಿ ನೋಡಿದಳು. ಮೂಲೆಯಲ್ಲಿ ಕೆಂಪು ದಾರದ ಗಂಟು. ಬೀಗದ ಕೈಯನ್ನು ಹಾಸಿಗೆಯಕ್ಕನ ಅಂಗೈಯಲ್ಲಿಟ್ಟಳು.

“ಎಷ್ಟು ದಿನ?”

“ಎರಡು ತಿಂಗಳು.”

“ಎರಡು ತಿಂಗಳಾ! ಮತ್ತೆ ಬೆಳಿಗ್ಗೆ ನನ್ನ ಎಬ್ಬಿಸೋರು ಯಾರು?”

“ಅಲಾರಂ ಇಟ್ಕೊ ಅಕ್ಕಾ.”

“ಅಲಾರಂ ಕೆಮ್ಮುತ್ತಾ?” ಎಂದಳು ಹಾಸಿಗೆಯಕ್ಕ. “ಹೋಗು ಹೋಗು, ಬಸ್ಸು ಹೊರಟುಬಿಟ್ರೆ ಕೂಗಿ ಹೇಳೋಕೂ ಇವತ್ತು ನೀನು ಅಲ್ಲಿಲ್ಲ.”