ಹೊರಗಿಟ್ಟವರ ಹೆಸರು

ನನ್ನ ತಂಗಿಗೆ ಐವತ್ತರ ಹತ್ತಿರ ವಯಸ್ಸು. ಇಷ್ಟು ವರ್ಷ ಅವಳು ತನ್ನನ್ನು ಯಾರೆಂದುಕೊಂಡು ಬದುಕಿದ್ದಳು ಎನ್ನುವುದು ನನಗೆ ಗೊತ್ತಾದದ್ದು ಹೋದ ಅವರೆಕಾಯಿ ಕಾಲದಲ್ಲಿ, ಅದೂ ಇಟಲಿಯವನೊಬ್ಬ ತನ್ನ ಮನೆತನದ ಹೆಸರಿನ ಅರ್ಥ ಹೇಳಿದಾಗ.

ಅವನು ಕೋಣನಕುಂಟೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಜಿಗಣಿ ಕಡೆಯ ಕಾರ್ಖಾನೆಗಳಲ್ಲಿ ಕಲ್ಲು ಕೊಯ್ಯುವ ಮಿಷನ್ನು ಕೂರಿಸುವುದು ಅವನ ಕೆಲಸ. ನನ್ನ ಓದು ಏಳನೇ ಕ್ಲಾಸಿಗೆ ನಿಂತದ್ದು, ಇಂಗ್ಲಿಷ್ ಬಾರದು. ಅವನ ಹತ್ತಿರ ಮಾತೇನಿದ್ದರೂ ನನ್ನ ಮಗಳ ಮೂಲಕವೇ. ಅವನ ಹೆಸರಿನ ಕೊನೆಗೆ ಎಸ್ಪೋಸಿತೋ ಅಂತ ಇತ್ತು. ನಮ್ಮಲ್ಲಿ ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಬಿಟ್ಟರೆ ಮತ್ತೇನಿಲ್ಲ. ಇದು ಅವನ ಊರೋ, ಜಾತಿಯೋ, ಮನೆದೇವರೋ ಕೇಳಬೇಕು ಅಂತ ಬಂದ ದಿನದಿಂದ ನನಗೆ ಕುತೂಹಲ.

ಆ ಭಾನುವಾರ ತಂಗಿ ಚಿಕ್ಕಲಸಂದ್ರದಿಂದ ಬಂದಿದ್ದಳು. ಅಲ್ಲಿ ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಅವಳು, ನಾನು, ನನ್ನ ಮಗಳು ಹಜಾರದಲ್ಲಿ ಹಿಸುಕುತ್ತ ಕೂತಿದ್ದೆವು. ಮೆಟ್ಟಿಲಿಳಿದು ಬಂದ ಇಟಲಿಯವನು ನಮ್ಮನ್ನು ನೋಡಿ, ಶೂ ಬಿಚ್ಚಿ ತಾನೂ ಕೂತ. ಅವನು ಹಿಸುಕಿದ ಮೊದಲ ಕಾಳು ಹಾರಿ ಗೋಡೆಗೆ ಬಡಿಯಿತು.

"ಗೋಲಿ ಆಡ್ತಾವ್ನೆ ನೋಡಣ್ಣ" ಅಂದಳು ತಂಗಿ. "ಮೆಲ್ಲುಗೆ ಸಾರ್, ಸಾರಿಗೆ ಒಂದಿಷ್ಟು ಉಳಿಸಿ."

ಅವಳ ಕೈ ಚುರುಕು. ಆದರೂ ಅವಳು ಹಿಸುಕಿದ ಬೇಳೆ ಎಷ್ಟೋ ಪಾತ್ರೆಯ ಪಕ್ಕಕ್ಕೆ, ನೆಲಕ್ಕೆ ಬೀಳುತ್ತಿತ್ತು. ಬಿದ್ದದ್ದು ಅವಳಿಗೆ ಕಾಣುತ್ತಲೂ ಇರಲಿಲ್ಲ. "ಎತ್ತಗ್ ನೋಡ್ತಾ ಇದ್ದೀಯೇ?" ಅಂತ ರೇಗಿಸಿದೆ. "ವಯಸ್ಸಾಯ್ತಲ್ಲಣ್ಣ" ಅಂದಳು.

ಆಗಲೇ ನಾನು ಮಗಳಿಗೆ ಹೇಳಿ ಹೆಸರಿನ ವಿಷಯ ಕೇಳಿಸಿದೆ. ಅವನು ಕೈ ಆಡಿಸುತ್ತ ಬಹಳ ಹೊತ್ತು ಹೇಳಿದ. ಮಗಳು ಕೇಳಿಸಿಕೊಂಡು ನಮ್ಮ ಕಡೆ ತಿರುಗಿದಳು.

"ಅವರದ್ದು ಸಮುದ್ರದ ಪಕ್ಕ ದೊಡ್ಡ ಊರಂತೆ ಅಪ್ಪ. ಹಳೇ ಕಾಲದಲ್ಲಿ, ಸಾಕೋಕಾಗದ ಮಕ್ಕಳನ್ನ ತಂದು ಚರ್ಚಿನ ಪಕ್ಕದ ಗೋಡೆ ಕಿಂಡೀಲಿ ಇಟ್ಟು ಹೋಗೋರಂತೆ. ಕಿಂಡೀಲಿ ಒಂದು ಮರದ ತೊಟ್ಟಿ, ತಿರುಗಿಸಿದ್ರೆ ಮಗು ಒಳಗೆ ಹೋಗತ್ತೆ. ಇಟ್ಟೋರ ಮುಖ ಒಳಗಿರೋರಿಗೆ ಕಾಣಲ್ಲ. ಅಂಥ ಮಕ್ಕಳಿಗೆ ಈ ಹೆಸರು ಇಡೋರಂತೆ. ಎಸ್ಪೋಸಿತೋ ಅಂದ್ರೆ ಹೊರಗೆ ಇಟ್ಟಿದ್ದು ಅಂತ."

"ಬಿಟ್ಟೋದ ಮಗು ಅಂತ ಹೆಸರಲ್ಲೇ ಬರೆದ್ಬಿಟ್ರಾ? ನಾಚ್ಕೆ ಆಗಲ್ವಂತಾ ಇವ್ನಿಗೆ?" ಅಂದೆ.

ಮಗಳು ಅದನ್ನು ಹೇಗೆ ಕೇಳಿದಳೋ, ಅವನು ಜೋರಾಗಿ ನಕ್ಕ. ಆಮೇಲೆ ಯಾವುದೋ ಕಾಲಕ್ಕೆ ಸರ್ಕಾರವೇ ಆ ಹೆಸರಿಡುವುದನ್ನು ನಿಲ್ಲಿಸಿತಂತೆ. ಅಷ್ಟರಲ್ಲಿ ಅದು ಮಕ್ಕಳು ಮೊಮ್ಮಕ್ಕಳಿಗೆಲ್ಲ ಹಬ್ಬಿಹೋಗಿತ್ತು. ಈಗ ಅವನ ಊರಲ್ಲಿ ಎಲ್ಲಿ ನೋಡಿದರೂ ಅದೇ ಹೆಸರು. ಲಾಯರು, ಬೇಕರಿಯವನು, ಪೊಲೀಸಿನವನು, ಎಲ್ಲರೂ ಎಸ್ಪೋಸಿತೋಗಳೇ. ಬೀದಿಯಲ್ಲಿ ನಿಂತು ಕೂಗಿದರೆ ಸುತ್ತಲಿನವರೆಲ್ಲ ತಿರುಗಿ ನೋಡುತ್ತಾರಂತೆ.

"ನಮ್ಮಲ್ಲಿ ಗೌಡ್ರೇ ಅಂದಂಗೆ" ಅಂದೆ.

ತಂಗಿ ನಗಲಿಲ್ಲ. "ಇಟ್ಟೋರು ಯಾರಾದ್ರೂ ವಾಪಸ್ ಬಂದು ಕರ್ಕೊಂಡ್ ಹೋಗೋರಾ, ಕೇಳಮ್ಮ" ಅಂದಳು ನನ್ನ ಮಗಳಿಗೆ.

"ಕೆಲವರು ಒಂದು ಬಿಲ್ಲೆ ಮುರಿದು ಅರ್ಧ ಮಗು ಜೊತೆ ಇಡೋರಂತೆ ಅತ್ತೆ. ಇನ್ನರ್ಧ ತಾಯಿ ಹತ್ರ. ಯಾವತ್ತಾದ್ರೂ ಬಂದ್ರೆ ಗುರುತು ಸಿಗಲಿ ಅಂತ."

ತಂಗಿ ಕೈಯಲ್ಲಿದ್ದ ಕಾಳನ್ನು ಹಿಸುಕದೆ ಹಾಗೇ ಹಿಡಿದಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ಅಂಗಡಿಯಿಂದ ಏನು ತರಬೇಕು ಅಂತ ಕೇಳುವಷ್ಟು ಸಲೀಸಾಗಿ ಕೇಳಿದಳು:

"ನನ್ ಜೊತೆ ಏನೂ ಇರ್ಲಿಲ್ಲ ಅಲ್ವಾಣ್ಣ? ಮೊರ ಒಂದೇ ಅಲ್ವಾ?"

ತಮಾಷೆ ಅಂದುಕೊಂಡು ನಾನು ನಕ್ಕೆ. ಅವಳ ಮುಖ ನೋಡಿದ ಮೇಲೆ ನಗು ಬಾಯಲ್ಲೇ ನಿಂತುಹೋಯಿತು.

ಈ ಮೊರದ ಸಂಗತಿ ಹೇಳಬೇಕು. ನನ್ನ ನಂತರ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಹಾಗಾದಾಗ ಮುಂದಿನ ಮಗುವನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಡುವುದು ನಮ್ಮ ಕಡೆಯ ಪದ್ಧತಿ. ಪಕ್ಕದ ಮನೆಯ ಅಜ್ಜಿ ಅದನ್ನು ಎತ್ತಿಕೊಂಡು ಬಂದು, "ತಿಪ್ಪೇಲಿ ಸಿಕ್ತು, ಬೇಕೇನವ್ವ?" ಅಂತ ಬಾಗಿಲಲ್ಲಿ ಕೇಳಬೇಕು. ತಾಯಿ ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳಬೇಕು. ಬೇಡದ ಕೂಸು ಅಂತ ಸಾವೂ ಅದರ ತಂಟೆಗೆ ಬರುವುದಿಲ್ಲ ಅಂತ ನಂಬಿಕೆ. ತಂಗಿಗೂ ಹಾಗೇ ಮಾಡಿ, ಗುರುತಿಗೆ ಕೂಸಿದ್ದಾಗಲೇ ಮೂಗು ಚುಚ್ಚಿಸಿ ತಿಪ್ಪೆಯ ಹೆಸರನ್ನೇ ಇಟ್ಟರು. ಇಟ್ಟ ಮೇಲೆ ತಾಯಿ "ನಾನು ಹೆತ್ತದ್ದು" ಅಂತ ಎಂದೂ ಬಾಯಿಬಿಡಬಾರದು. ನಮ್ಮವ್ವ ಸಾಯುವವರೆಗೂ ಬಿಡಲಿಲ್ಲ. ತಂಗಿ ಚಿಕ್ಕವಳಿದ್ದಾಗ ಅಳುತ್ತ ಹೋಗಿ ಕೇಳಿದರೆ, ಅವ್ವ ಬೇರೆ ಕಡೆ ನೋಡಿಕೊಂಡು, "ಹೂಂ, ತಿಪ್ಪೇಲಿ ಸಿಕ್ಕಿದ್ದು" ಅನ್ನುತ್ತಿದ್ದಳು.

ಅವಳು ಅಳುತ್ತ ಹೋಗುವಂತೆ ಮಾಡುತ್ತಿದ್ದವನು ನಾನು. ಜಗಳವಾದಾಗಲೆಲ್ಲ, "ನೀನು ನಮ್ಮೋಳಲ್ಲ ಹೋಗೇ, ಮೂಗು ಮುಟ್ಟಿ ನೋಡ್ಕೊ" ಅನ್ನುತ್ತಿದ್ದೆ. ಅವ್ವನ ಸ್ವಂತದ್ದು ನಾನೊಬ್ಬನೇ ಎನ್ನುವುದು ಸುಳ್ಳೆಂದು ಗೊತ್ತಿದ್ದರೂ ನನಗೆ ಹಿತವಾಗಿತ್ತು. ದೊಡ್ಡವಳಾದ ಮೇಲೆ ಅವಳಿಗೂ ತಿಳಿದಿರುತ್ತದೆ ಅಂದುಕೊಂಡೆ. ಮದುವೆಯ ಹಿಂದಿನ ದಿನ ಚಪ್ಪರದ ಕೆಳಗೆ ಅವಳು ನನ್ನ ಕೈ ಹಿಡಿದು, "ಅಣ್ಣ, ಈಗ್ಲಾದ್ರೂ ನಿಜ ಹೇಳ್ಬಿಡು" ಅಂದಿದ್ದಳು. ಬಾಳೆಕಂದು ಕಟ್ಟುವ ಅವಸರದಲ್ಲಿ ನಾನು, "ನಿಜಾನೇ ಕಣೇ ತಿಪ್ಪೆ ರಾಣಿ, ಹೋಗು ಒಳಗೆ" ಅಂದೆ.

ಮರೆತೇಹೋಗಿತ್ತು. ಹಜಾರದಲ್ಲಿ ಕೂತಾಗ ಒಂದೇ ಏಟಿಗೆ ನೆನಪಾಯಿತು.

"ಏನೇ ಮಾತಾಡ್ತಿದ್ದೀಯ?" ಅಂದೆ.

"ಇಷ್ಟು ವಯಸ್ಸಾದ್ಮೇಲೆ ಮುಚ್ಚಿಡೋದೇನೈತಣ್ಣ? ಅವ್ವ ಹೊಟ್ಟೇಲಿ ಹುಟ್ಟಿದೋಳಿಗಿಂತ ಚೆನ್ನಾಗೇ ಸಾಕಿದ್ಳು."

ಮಗಳು ಅಲ್ಲಿಗೆ ಅವನಿಗೆ ಇಂಗ್ಲಿಷಿನಲ್ಲಿ ಹೇಳುವುದನ್ನು ನಿಲ್ಲಿಸಿದಳು. ಇಟಲಿಯವನು ನಮ್ಮ ಮುಖಗಳನ್ನು ನೋಡಿ ಮೆಲ್ಲಗೆ ಎದ್ದು ಮಹಡಿ ಹತ್ತಿದ.

ನನ್ನ ಕಣ್ಣು ನೆಲದ ಮೇಲೆ ಬಿದ್ದಿದ್ದ ಬೇಳೆಗೆ ಹೋಯಿತು. ಎಲ್ಲವೂ ಅವಳ ಎಡಪಕ್ಕದಲ್ಲೇ. ಅದರ ಜೊತೆಗೇ ಇನ್ನೊಂದು ನೆನಪಾಯಿತು. ನಮ್ಮವ್ವ ಕೊನೆಕೊನೆಗೆ ಪೂರ್ತಿ ಕುರುಡಿಯಾಗಿದ್ದಳು. ಹೋದ ವರ್ಷ ನನ್ನ ಕಣ್ಣಿನಲ್ಲೂ ಅದೇ ಒತ್ತಡದ ಕಾಯಿಲೆ ಸಿಕ್ಕಿತು. ಇದು ಗೊತ್ತಾಗದ ಹಾಗೆ ಪಕ್ಕದಿಂದ ನೋಟ ತಿನ್ನುತ್ತ ಬರುತ್ತದೆ, ರಕ್ತದಲ್ಲಿ ಬರುವುದು, ಒಡಹುಟ್ಟಿದವರನ್ನು ಕರೆತನ್ನಿ ಅಂತ ಡಾಕ್ಟರಮ್ಮ ಹೇಳಿದ್ದರು. ತಂಗಿಗೆ ಫೋನಿನಲ್ಲಿ ಹೇಳಿದ್ದೆ. ಅವಳು ನಕ್ಕು, "ನಂಗದು ಬರಲ್ಲ ಬಿಡಣ್ಣ" ಅಂದಿದ್ದಳು. ಸೋಮಾರಿತನ ಅಂದುಕೊಂಡು ನಾನೂ ಮತ್ತೆ ಕೇಳಿರಲಿಲ್ಲ.

"ಅದಕ್ಕೇನಾ ನೀನು ಕಣ್ಣು ತೋರಿಸ್ಕೊಳ್ಳಲಿಲ್ಲ?"

"ಅದು ಅವ್ವನ ಕಡೆಯಿಂದ ಬರೋದು ಅಂದೆ ನೀನು. ನಂಗೆಲ್ಲಿಂದ ಬರತ್ತೆ?"

ಮಾರನೆಯ ದಿನವೇ ಜಯನಗರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳು ಬಂದದ್ದು ನನ್ನ ಸಮಾಧಾನಕ್ಕೆ. ಕಣ್ಣಿಗೆ ಹನಿ ಹಾಕಿ, ಗಲ್ಲ ಆನಿಸಿ ಕೂರಿಸಿ, ಬೆಳಕು ಬಿಟ್ಟು ನೋಡಿದ ಡಾಕ್ಟರಮ್ಮ ನನ್ನನ್ನು ಕರೆದರು.

"ಇವರು ನಿಮ್ಗೆ ಸ್ವಂತ ತಂಗೀನಾ?"

ತಂಗಿ ನನ್ನ ಕಡೆ ತಿರುಗಿದಳು. ಉತ್ತರ ಹೇಳುವುದಕ್ಕೆ ಅವಳೇ ಬಾಯಿ ತೆರೆದಿದ್ದಳು.

"ಸ್ವಂತ ತಂಗಿ ಮೇಡಂ" ಅಂದೆ. "ನಮ್ಮವ್ವ ಹೆತ್ತಿದ್ದು. ಹೆರಿಗೆ ಆದ ದಿನ ಕೋಣೆ ಬಾಗ್ಲಲ್ಲೇ ಇದ್ದೆ ನಾನು. ಇವಳು ಅತ್ತಿದ್ದು ಕೇಳಿಸ್ಕೊಂಡಿದ್ದೀನಿ."

ಎಡಗಣ್ಣಿನ ನೋಟ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಬಲಗಣ್ಣಿನದು ಶುರುವಾಗಿತ್ತು. ಹೋದದ್ದು ಬರುವುದಿಲ್ಲ, ಔಷಧಿ ಬಿಟ್ಟರೆ ಉಳಿದದ್ದೂ ಹೋಗುತ್ತದೆ ಅಂದರು. ನಾನು ಹೇಳಿದ ಕೂಡಲೇ ಬಂದಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. ಅವರು ಔಷಧಿ ಚೀಟಿ ಬರೆಯುತ್ತ, "ಈಗ ಬಂದಿದ್ದೀರಲ್ಲ" ಅಂದರು.

ಹೊರಗೆ ಬಿಸಿಲು. ಹನಿ ಹಾಕಿದ ಕಣ್ಣಿಗೆ ಏನೂ ಕಾಣದೆ ಅವಳು ನನ್ನ ತೋಳು ಹಿಡಿದಿದ್ದಳು. ನಿಜ ಗೊತ್ತಾದದ್ದಕ್ಕೆ ಸಂತೋಷಪಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಟೋ ಬನಶಂಕರಿ ದಾಟಿದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ತಿಪ್ಪೆ ಮೇಲೆ ಇಟ್ಟಾಗ್ಲೂ ಅಳ್ತಿದ್ನಾ ನಾನು?"

"ಇಲ್ಲ. ನಿದ್ದೆ ಮಾಡ್ತಿದ್ದೆ."

"ಮತ್ತೆ ಅವ್ವ?"

"ಅವ್ವ ಬಾಗ್ಲ ಹಿಂದೆ ನಿಂತಿದ್ಳು. ಅಳಂಗಿರ್ಲಿಲ್ಲ. ಅತ್ತಿದ್ದು ನಾನು. ನಿಜವಾಗ್ಲೂ ಬಿಟ್ಬಿಡ್ತಾರೆ ಅಂತ. ನಿನ್ನ ಎತ್ಕೊಂಡ್ ಬರಕ್ಕೆ ಓಡಿದ್ದೆ, ಅಪ್ಪ ಹಿಡ್ಕೊಂಡ."

ಚಿಕ್ಕಲಸಂದ್ರದ ಅವಳ ಮನೆ ಮುಂದೆ ಆಟೋ ನಿಂತಾಗ ನನ್ನ ತೋಳು ಬಿಟ್ಟು, ಗೋಡೆ ತಡವಿಕೊಂಡು ತಾನೇ ಮೆಟ್ಟಿಲು ಹತ್ತಿದಳು.